ಹವಳದ ದಿಬ್ಬಕ್ಕೆ ಹೋದವಳ ತೂಕ

"ಹತ್ತಿ, ಮೇಡಂ. ಒಂದು ನಿಮಿಷದ ಕೆಲಸ."

ಪತ್ತೇದಾರಮ್ಮ ತೂಕದ ಯಂತ್ರವನ್ನು ಕಾಲಿನಿಂದಲೇ ಮೇಜಿನ ಮುಂದಕ್ಕೆ ತಳ್ಳಿದಳು. ಬಗ್ಗಿ ಎತ್ತಿಡುವ ಕಾಲ ಅವಳ ಮಂಡಿಗಳಿಗೆ ಎಂದೋ ಮುಗಿದಿತ್ತು.

"ಇದೇನ್ರೀ ತಮಾಷೆ? ನಾನು ಊಟಕ್ಕೆ ಹೊರಟಿದ್ದೆ."

"ಊಟ ಮಾಡಿ ತೂಗಿದ್ರೆ ನಿಮಗೇ ಬೇಜಾರಾಗುತ್ತೆ. ಈಗಲೇ ಹತ್ತಿಬಿಡಿ."

ಟ್ರಾವೆಲ್ಸ್ ಆಫೀಸಿನ ಗಾಜಿನ ಬಾಗಿಲಿಗೆ ಮಧ್ಯಾಹ್ನದ ವಿರಾಮದ ಬೋರ್ಡು ಬಿದ್ದಿತ್ತು. ಒಳಗೆ ಗೋಡೆ ತುಂಬ ನೀಲಿ ಸಮುದ್ರ, ಬಣ್ಣದ ಮೀನು, ಮರಳ ಮೇಲೆ ಕಾಲು ಚಾಚಿದ ದಂಪತಿಗಳು. ಆ ಪೋಸ್ಟರುಗಳ ಕೆಳಗೆ ಹದಿನೆಂಟು ವರ್ಷ ಕೂತು ಊರವರಿಗೆಲ್ಲ ರಜೆ ಹೊಂದಿಸಿಕೊಟ್ಟ ಈ ಹೆಂಗಸನ್ನು ಜನ ದ್ವೀಪದ ಮೇಡಂ ಎಂದೇ ಕರೆಯುತ್ತಿದ್ದರು. ಯಾವ ತಿಂಗಳಲ್ಲಿ ನೀರು ತಿಳಿಯಾಗಿರುತ್ತದೆ, ಯಾವ ಕಾಟೇಜಿನ ಮೆಟ್ಟಿಲಿಳಿದರೆ ಸೀದಾ ಹವಳದ ದಿಬ್ಬ, ಎಲ್ಲಿ ಸೊಳ್ಳೆ ಕಾಟ, ಎಲ್ಲವೂ ಅವಳಿಗೆ ಬಾಯಿಪಾಠ. ಸಮುದ್ರವನ್ನು ಮಾತ್ರ ಕಣ್ಣಾರೆ ಕಂಡಿಲ್ಲವೆಂದು ಅವಳೇ ಎಲ್ಲರೆದುರು ಹೇಳಿಕೊಂಡು ನಗುತ್ತಿದ್ದಳು.

ಬಾಗಿಲ ಪಕ್ಕದ ಸೋಫಾದ ತುದಿಯಲ್ಲಿ ಟೈಲರಕ್ಕ ಕೂತಿದ್ದಳು. "ನನ್ನ ತಂಗಿ ಪುಟ್ಟಿ ಆ ಸಮುದ್ರದಲ್ಲಿಲ್ಲ, ನನ್ನಾಣೆಗೂ ಇಲ್ಲ, ಹುಡುಕಿಕೊಡಿ" ಎಂದು ಎಂಟು ದಿನದ ಹಿಂದೆ ಪತ್ತೇದಾರಮ್ಮನ ಹೊಸಿಲ ಮೇಲೆ ಕುಸಿದವಳು ಇವಳೇ. ಶಿಶುವಿಹಾರದ ಟೀಚರಾಗಿದ್ದ ಪುಟ್ಟಿ ಹದಿನೈದು ದಿನದ ಹಿಂದೆ ಗಂಡನನ್ನು ಬಿಟ್ಟು ಒಬ್ಬಳೇ ದ್ವೀಪಕ್ಕೆ ಹೋದಳು, ಮಾರನೇ ದಿನ ಮರಳ ಮೇಲೆ ಅವಳ ಬಟ್ಟೆ, ಚಪ್ಪಲಿ, ಗುರುತಿನ ಚೀಟಿ ಸಿಕ್ಕವು, ಹೆಣ ಸಿಗಲಿಲ್ಲ. ಹವಳದ ದಿಬ್ಬದಾಚೆಯ ಸೆಳೆತಕ್ಕೆ ಸಿಕ್ಕಿ ಸತ್ತಿದ್ದಾಳೆಂದು ಅಲ್ಲಿನ ಪೊಲೀಸರು ಬರೆದು ಕೈತೊಳೆದುಕೊಂಡಿದ್ದರು.

ದ್ವೀಪದ ಮೇಡಂ ಯಂತ್ರದ ಮೇಲೆ ಹತ್ತಲಿಲ್ಲ. ಹತ್ತಿಸುವ ಅಗತ್ಯವೂ ಪತ್ತೇದಾರಮ್ಮನಿಗಿರಲಿಲ್ಲ. ಅವಳು ಕೈಚೀಲದಿಂದ ಒಂದು ಹಾಳೆ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟಳು.

"ಇದು ಗೊತ್ತಲ್ಲ ನಿಮಗೆ?"

ಗೊತ್ತಿಲ್ಲದೆ ಏನು? ದೊಡ್ಡ ದ್ವೀಪದಿಂದ ಹವಳದ ದಿಬ್ಬದ ಕಡೆಗೆ ಹಾರುವುದು ಒಂಬತ್ತು ಸೀಟಿನ ಪುಟ್ಟ ವಿಮಾನ. ಯಾರು ಮುಂದೆ ಕೂರಬೇಕು, ಯಾರು ಹಿಂದೆ, ಎಷ್ಟು ಲಗೇಜು ಹೇರಬಹುದು ಎಂದು ತೀರ್ಮಾನಿಸುವುದು ಜನರ ತೂಕ ನೋಡಿ. ಅದಕ್ಕೇ ಪ್ರತಿಯೊಬ್ಬ ಪ್ರಯಾಣಿಕರ ತೂಕ ಬರೆದ ಫಾರಂ ಈ ಆಫೀಸಿನಿಂದ ಮೊದಲೇ ಹೋಗಬೇಕು. ಅಲ್ಲಿ ಯಾರೂ ಮತ್ತೆ ತೂಗುವುದಿಲ್ಲ, ಈ ಕೈಬರಹವನ್ನು ನಂಬಿಯೇ ವಿಮಾನ ಏಳುತ್ತದೆ.

"ವಿಮಾನದವರಿಗೆ ನಾಲ್ಕು ಸಲ ಫೋನ್ ಮಾಡಿ ಕಾಡಿದ್ಮೇಲೆ ಕಳಿಸಿದ್ರು. ಹೆಸರು ಪುಟ್ಟೀದು. ವಯಸ್ಸು ಪುಟ್ಟೀದು. ಗುರುತಿನ ಚೀಟಿ ನಂಬರ್ರೂ ಪುಟ್ಟೀದೇ. ತೂಕ ಮಾತ್ರ ಎಪ್ಪತ್ಮೂರು ಕೆಜಿ." ಪತ್ತೇದಾರಮ್ಮ ಬೆರಳನ್ನು ಆ ಅಂಕಿಯ ಮೇಲಿಟ್ಟಳು. "ಆ ಹುಡುಗಿ ಒದ್ದೆ ಬಟ್ಟೇಲಿ ತೂಗಿದ್ರೂ ಐವತ್ತೆರಡು ದಾಟಲ್ಲ. ಅವಳ ಅಳತೆ ತೆಗೆದು ಹೊಲಿಯೋ ಅಕ್ಕನೇ ಇಲ್ಲಿದ್ದಾಳೆ, ಬೇಕಾದ್ರೆ ಕೇಳಿ."

"ಬರೆಯುವಾಗ ತಪ್ಪಾಗಿರ್ಬಹುದು."

"ನಿಮ್ಮಿಂದ? ತೂಕದಲ್ಲಿ?"

ಈ ಊರಿನಲ್ಲಿ ದ್ವೀಪಕ್ಕೆ ಹೋದವರೆಲ್ಲರೂ ಈ ಯಂತ್ರದ ಮೇಲೆ ನಿಂತು ಮೇಡಂನ ಬೈಗುಳ ತಿಂದವರೇ. ಬ್ಯಾಂಕ್ ಮ್ಯಾನೇಜರ ಹೆಂಡತಿ ನಾಚಿಕೆಗೆ ಆರು ಕೆಜಿ ಕಮ್ಮಿ ಹೇಳಿದ್ದಕ್ಕೆ ಅವಳ ಟಿಕೆಟನ್ನೇ ತಡೆಹಿಡಿದ ಮಹಾತಾಯಿ ಈಕೆ. ವಯಸ್ಸಿನಲ್ಲಿ ಸುಳ್ಳು ಹೇಳಿ, ಗಂಡನ ಹತ್ತಿರ ಸುಳ್ಳು ಹೇಳಿ, ತೂಕದಲ್ಲಿ ಹೇಳಬೇಡಿ, ಉಳಿದ ಎಂಟು ಜನರ ಪ್ರಾಣ ಅದರ ಮೇಲಿದೆ ಎನ್ನುವುದು ಅವಳು ದಿನಕ್ಕೆ ಹತ್ತು ಸಲ ಹೇಳುವ ಮಾತು.

"ಅಲ್ಲೇ ಸಿಕ್ಕಿಬಿದ್ರಿ ನೋಡಿ," ಪತ್ತೇದಾರಮ್ಮ ಕುರ್ಚಿ ಎಳೆದು ಕೂತಳು. "ಹೆಸರು ಸುಳ್ಳು ಬರೆದ್ರಿ, ವಯಸ್ಸು ಸುಳ್ಳು ಬರೆದ್ರಿ. ತೂಕದ ಜಾಗಕ್ಕೆ ಬಂದಾಗ ಮನಸ್ಸು ಒಪ್ಪಲಿಲ್ಲ. ನಿಮ್ಮದೇ ನಿಜವಾದ ತೂಕ ಬರೆದುಬಿಟ್ರಿ. ಆ ವಿಮಾನದಲ್ಲಿ ಪುಟ್ಟಿ ಹೆಸರಲ್ಲಿ ಕೂತಿದ್ದು ನೀವು."

"ನನಗೆ ಆ ಮೂರು ದಿನ ಜ್ವರ. ರಜಾ ಚೀಟಿ ನೋಡಿ."

"ಜ್ವರ ಬಂದವರಿಗೆ ಕತ್ತಿನ ಚರ್ಮ ಸುಲಿಯಲ್ಲ. ಬಿಸಿಲಲ್ಲಿ ಬೆಂದವರಿಗೆ ಸುಲಿಯುತ್ತೆ."

ದ್ವೀಪದ ಮೇಡಂನ ಕೈ ತಾನಾಗಿ ಕತ್ತಿಗೆ ಹೋಯಿತು. ಮರುಕ್ಷಣವೇ ಕೆಳಗಿಳಿಸಿದಳು, ಆದರೆ ಆಗಬೇಕಾದದ್ದು ಆಗಿಹೋಗಿತ್ತು. ಅವಳ ಮುಖದ ನೀರಿಳಿಯಿತು.

"ಹೌದು," ಎಂದಳು. "ಹೋಗಿದ್ದೆ. ಬರುವಾಗ ನನ್ನ ಹೆಸರಲ್ಲೇ ಹಡಗು ಹತ್ತಿ ಬಂದೆ. ಹದಿನೆಂಟು ವರ್ಷ ಎಲ್ಲರಿಗೂ ವರ್ಣಿಸಿದ್ದನ್ನ ಒಂದ್ಸಲ ನೋಡಿದೆ. ನೋಡಿದ್ದು ಇಂಥ ಕೆಲಸಕ್ಕೆ. ಆ ನೀಲಿ ನೀರನ್ನ ನೋಡ್ತಾ ಅವಳ ಬಟ್ಟೆ ಮಡಿಚಿಟ್ಟೆ, ಚಪ್ಪಲಿ ಜೋಡಿಸಿಟ್ಟೆ. ಒಂದು ಮೀನನ್ನೂ ನೋಡದೆ ವಾಪಸ್ ಬಂದೆ."

ಪತ್ತೇದಾರಮ್ಮನಿಗೆ ಒಳಗೊಳಗೇ ಖುಷಿಯಾಗಬೇಕಿತ್ತು. ಆಗಲಿಲ್ಲ. ಪುಟ್ಟಿ ದ್ವೀಪಕ್ಕೇ ಹೋಗಿಲ್ಲವೆಂದರೆ ಸಮುದ್ರ ಅವಳನ್ನು ನುಂಗಿಲ್ಲ. ಹಾಗಾದರೆ ಇಷ್ಟು ದಿನ ಎಲ್ಲಿದ್ದಾಳೆ? ಬದುಕಿದ್ದರೆ ಅಕ್ಕನ ಪ್ರೀತಿಯ ತಂಗಿ ಒಂದು ಫೋನನ್ನೂ ಮಾಡದೆ ಇರುತ್ತಾಳೆಯೇ?

"ಸರಿ. ಗುರುತಿನ ಚೀಟಿ ನಿಮ್ಮ ಕೈಗೆ ಕೊಟ್ಟಿದ್ದು ಯಾರು? ಅವಳ ಗಂಡ ತಾನೆ? ಕನ್ನಡಕದಂಗಡಿ ಮಹಾಶಯ?"

ದ್ವೀಪದ ಮೇಡಂ ಇಲ್ಲವೆಂದು ತಲೆಯಾಡಿಸಿದಳು. ಅವಳ ನೋಟ ಪತ್ತೇದಾರಮ್ಮನ ಹೆಗಲ ಮೇಲಿಂದ ಸೋಫಾದ ಕಡೆಗೆ ಹೋಯಿತು.

"ಇವರೇ ಕೊಟ್ಟಿದ್ದು," ಎಂದಳು.

ಪತ್ತೇದಾರಮ್ಮ ತಿರುಗಿದಳು. ಟೈಲರಕ್ಕ ಅಳತೆಯ ಟೇಪನ್ನು ಕೊರಳಿಂದ ತೆಗೆದು ಬೆರಳಿಗೆ ಸುತ್ತುತ್ತಿದ್ದಳು. ಎಂಟು ದಿನ ಈ ಹೆಂಗಸಿನ ಜೊತೆ ಬೀದಿ ಬೀದಿ ಅಲೆದಾಗಿತ್ತು, ಆಸ್ಪತ್ರೆಗಳ ಬಾಗಿಲು ತಟ್ಟಿಯಾಗಿತ್ತು, ಗುರುತು ಸಿಗದ ಹೆಣಗಳ ಮುಖ ನೋಡಿಯಾಗಿತ್ತು. ಪತ್ತೇದಾರಮ್ಮನ ಮೈಯೆಲ್ಲ ಉರಿದುಹೋಯಿತು.

"ಏನಮ್ಮಾ ಇದು? ನನ್ನನ್ನ ಏನಂತ ತಿಳ್ಕೊಂಡಿದ್ದೀಯ? ನಿನ್ನ ಕೈಯಾರೆ ಕಟ್ಟಿದ ನಾಟಕಕ್ಕೆ ನಾನು ಪ್ರೇಕ್ಷಕಿನಾ?"

"ಬೈಯಿರಿ," ಎಂದಳು ಟೈಲರಕ್ಕ. "ಆದ್ರೆ ನಾನು ನಿಮಗೆ ಸುಳ್ಳು ಹೇಳಲಿಲ್ಲ. ಸಮುದ್ರದಲ್ಲಿಲ್ಲ ಅಂದೆ. ಇಲ್ಲ ಅಂತ ನನಗೆ ಗೊತ್ತಿತ್ತು."

"ಎಲ್ಲಾ ಹೇಳು ಈಗ. ಒಂದು ಅಕ್ಷರ ಬಿಟ್ರೂ ನಾನು ಎದ್ದು ಹೋಗ್ತೀನಿ."

ಮೊದಲು ಮಾತಾಡಿದ್ದು ದ್ವೀಪದ ಮೇಡಂ. "ಈ ರಜೆ ಗಂಡನ ಯೋಜನೆ. ಇಬ್ಬರಿಗೂ ಹತ್ತು ದಿನ ಅಂತ ಬಂದ. ಹೆಂಡತೀನ ಕರ್ಕೊಂಡು ಹೋಗೋ ಗಂಡಸರು ನನ್ನ ಹತ್ರ ಏನು ಕೇಳ್ತಾರೆ ಗೊತ್ತಾ? ಬಾತ್‌ರೂಮು ಚೆನ್ನಾಗಿದ್ಯಾ, ಹೊಟ್ಟೆ ಕೆಟ್ರೆ ಡಾಕ್ಟ್ರಿದ್ದಾರಾ. ಇವನು ಕೇಳಿದ್ದು, ದಿಬ್ಬದಾಚೆ ಸೆಳೆತ ಜಾಸ್ತಿ ಯಾವ ಹೊತ್ತಲ್ಲಿ? ಕಾವಲು ದೋಣಿ ಎಷ್ಟು ಗಂಟೆಗೆ ಹೋಗುತ್ತೆ? ಅಕ್ಕಪಕ್ಕ ಯಾರೂ ಇಲ್ಲದ ಕಾಟೇಜು ಇದ್ಯಾ? ನಗ್ತಾ ನಗ್ತಾ ಕೇಳಿದ. ಈಜು ಬರಲ್ವಲ್ಲ ನಿಮ್ಮನೆಯವರಿಗೆ ಅಂದೆ. 'ಅದಕ್ಕೇ ಕೇಳ್ತಿರೋದು' ಅಂದ. ನನಗೆ ಎದೆ ಧಸಕ್ ಅಂತು. ಮಾರನೇ ದಿನವೇ ಈ ಅಕ್ಕನ ಅಂಗಡಿಗೆ ಹೋದೆ."

"ನನಗೆ ಆಶ್ಚರ್ಯ ಆಗಲಿಲ್ಲ," ಎಂದಳು ಟೈಲರಕ್ಕ. "ರಜೆಗೆ ಅಂತ ಹೊಸ ಬಟ್ಟೆ ಹೊಲಿಯೋಕೆ ಅಳತೆ ತೆಗೀತಿದ್ದೆ. ಬೆನ್ನ ಮೇಲೆ ಕೈಯಿಡೋಕೆ ಜಾಗ ಇರಲಿಲ್ಲ, ಅಷ್ಟು ಕಪ್ಪುಗಟ್ಟಿತ್ತು. ಬಿದ್ದೆ ಅಂದಳು. ಒಂದೇ ದಿನ ನಾಲ್ಕು ಕಡೆ ಯಾರು ಬೀಳ್ತಾರೆ? ಮನೆ ಬಿಟ್ಟು ಬಾ ಅಂದೆ. ಹಿಂದೆ ಎರಡು ಸಲ ಬಂದಿದ್ದಳು, ಎರಡು ಸಲವೂ ಹುಡುಕಿ ಎಳ್ಕೊಂಡು ಹೋಗಿದ್ದ. ಸತ್ತವಳನ್ನಾದ್ರೆ ಹುಡುಕಲ್ಲ ಅಂತ ನಾವು ಮೂರು ಜನ ಕೂತು ಲೆಕ್ಕ ಹಾಕಿದ್ವಿ."

ಎಷ್ಟು ಅಚ್ಚುಕಟ್ಟಾದ ಯೋಜನೆ! ಗಂಡನ ರಜೆಯ ದಿನ ಬರುವ ಮೊದಲೇ ಮೇಡಂ ದ್ವೀಪಕ್ಕೆ, ಪುಟ್ಟಿ ಊರಿನ ಇನ್ನೊಂದು ತುದಿಯ ಬಾಡಿಗೆ ಕೋಣೆಗೆ. ಕೆಳಗೆ ಮುಚ್ಚಿದ ಛಾಪಖಾನೆ, ಮೇಲೆ ಒಂದೇ ಕೋಣೆ, ಬಾಡಿಗೆ ಚೀಟಿ ಟೈಲರಕ್ಕನ ಹೆಸರಿನಲ್ಲಿ. ಒಂದು ತಿಂಗಳು ಕಳೆದ ಮೇಲೆ ದೂರದ ಊರಿನ ಶಾಲೆಯೊಂದರಲ್ಲಿ ಕೆಲಸ. ಐದು ದಿನ ಎಲ್ಲವೂ ಅಂದುಕೊಂಡ ಹಾಗೆಯೇ ನಡೆಯಿತು.

"ಆರನೇ ದಿನ ಬೆಳಿಗ್ಗೆ ತಿಂಡಿ ತಗೊಂಡು ಹೋದೆ. ಬಾಗಿಲು ತೆರೆದಿತ್ತು. ತೊಳೆದ ಬಟ್ಟೆ ಹಗ್ಗದ ಮೇಲೇ ಇತ್ತು. ಚಾಪೆ ಮೇಲೆ ಅವಳ ಒಂದು ಬಳೆ ಒಡೆದು ಬಿದ್ದಿತ್ತು. ಪುಟ್ಟಿ ಇರಲಿಲ್ಲ."

ಬಾಗಿಲಾಚೆ ಬೀದಿಯಲ್ಲಿ ಬಸ್ಸೊಂದು ಹಾರನ್ ಹೊಡೆಯುತ್ತ ಹೋಯಿತು. ಪತ್ತೇದಾರಮ್ಮ ಕುರ್ಚಿಯನ್ನು ಸೋಫಾದ ಕಡೆಗೆ ತಿರುಗಿಸಿಕೊಂಡಳು.

"ಆ ಕೋಣೆ ಯಾರಿಗೆ ಗೊತ್ತಿತ್ತು?"

"ನಮಗೆ ಮೂವರಿಗೆ."

"ಮೂವರಿಗೇನಾ?"

ಟೈಲರಕ್ಕ ಟೇಪನ್ನು ಬೆರಳಿಗೆ ಇನ್ನೊಂದು ಸುತ್ತು ಬಿಗಿದಳು. ಮೂವತ್ತು ವರ್ಷ ಪೊಲೀಸ್ ಠಾಣೆಯ ಬೆಂಚಿನ ಮೇಲೆ ಅಳುವವರನ್ನೇ ನೋಡುತ್ತ ಸವೆದ ಪತ್ತೇದಾರಮ್ಮನಿಗೆ ಅದರ ಅರ್ಥ ಗೊತ್ತಿತ್ತು. ಅವಳಿಗೆ ಕೇಳಲೂ ಮನಸ್ಸಾಗಲಿಲ್ಲ. ಆದರೂ ಕೇಳಿದಳು.

"ಯಾರಿಗೆ ಹೇಳಿದೆ, ತಾಯಿ?"

"ಅವನಿಗೇ. ಸುದ್ದಿ ಬಂದ ದಿನದಿಂದ ನನ್ನ ಅಂಗಡಿ ಮುಂದೆ ಬಂದು ಕೂತ. ನೀರು ಬೇಡ, ಅನ್ನ ಬೇಡ. ಮೂರು ದಿನ. ಗಡ್ಡ ಬಿಟ್ಕೊಂಡು, ಅವಳ ಸ್ವೆಟರ್ ಎದೆಗೊತ್ತಿಕೊಂಡು ಅಳ್ತಿದ್ದ. 'ಅತ್ತಿಗೆ, ನಾನೇ ಕೊಂದೆ, ನನ್ನ ಕೈಯೇ ಪಾಪಿ, ನಾನೂ ಸಾಯ್ತೀನಿ' ಅಂದ. ಎದುರಿನ ಔಷಧಿ ಅಂಗಡಿಯವರು ಬಂದು 'ಈ ಮನುಷ್ಯ ನಿದ್ದೆ ಮಾತ್ರೆ ಎಷ್ಟು ಕೇಳ್ತಿದ್ದಾನೆ ಗೊತ್ತಾ' ಅಂದ್ರು. ನನ್ನ ಕರುಳು ಚುರುಕ್ ಅಂತು. ನಾವು ಸುಳ್ಳು ಹೇಳಿ ಒಂದು ಜೀವ ತೆಗೀತಿದ್ದೀವಲ್ಲಾ ಅನ್ನಿಸ್ತು. ಅಳಬೇಡಪ್ಪಾ, ಅವಳು ಬದುಕಿದ್ದಾಳೆ, ಸ್ವಲ್ಪ ದಿನ ಬಿಟ್ಟು ನೀನು ಸರಿಹೋದ್ಮೇಲೆ ನೋಡುವಿಯಂತೆ ಅಂದೆ. ನನ್ನ ಕಾಲು ಹಿಡ್ಕೊಂಡ. ಎಲ್ಲಿ, ದೂರದಿಂದ ಒಂದ್ಸಲ ಕಿಟಕಿ ನೋಡಿ ಬರ್ತೀನಿ ಅಂದ."

"ನೀನು ಹೇಳಿಬಿಟ್ಟೆ."

"ಹೇಳಿದೆ. ನಾನೇ ಹೇಳಿದೆ. ನನ್ನ ಈ ಬಾಯಿಂದ."

ಅವಳು ತನ್ನ ಬಾಯಿಗೆ ತಾನೇ ಹೊಡೆದುಕೊಂಡಳು. ಒಂದಲ್ಲ, ಮೂರು ಸಲ. ದ್ವೀಪದ ಮೇಡಂ ಓಡಿಹೋಗಿ ಅವಳ ಕೈ ಹಿಡಿದಳು. ಇದು ಅವಳಿಗೂ ಹೊಸ ವಿಷಯವೆಂದು ಅವಳ ಮುಖವೇ ಹೇಳುತ್ತಿತ್ತು.

"ನನ್ನ ಹತ್ರವೂ ಹೇಳಲಿಲ್ವಲ್ಲ ನೀವು," ಎಂದಳಷ್ಟೇ.

ಪತ್ತೇದಾರಮ್ಮ ಎದ್ದು ಕಿಟಕಿಯ ಹತ್ತಿರ ಹೋದಳು. ಮನಸ್ಸಿನಲ್ಲೇ ಒಂದೊಂದಾಗಿ ಜೋಡಿಸಿ ನೋಡಿದಳು, ಮತ್ತೆ ಬಿಚ್ಚಿ ನೋಡಿದಳು. ಯಾವ ಕಡೆಯಿಂದ ನೋಡಿದರೂ ಅದೇ ಗೋಡೆ. ಪುಟ್ಟಿ ಸತ್ತದ್ದು ದ್ವೀಪದಲ್ಲಿ ಎಂದು ಸರ್ಕಾರದ ಕಾಗದವೇ ಹೇಳುತ್ತದೆ. ಆ ದಿನ ಗಂಡ ಇಲ್ಲೇ ತನ್ನ ಅಂಗಡಿಯಲ್ಲಿ ಸಂಜೆಯವರೆಗೆ ಜನರ ಕಣ್ಣು ಪರೀಕ್ಷೆ ಮಾಡುತ್ತಿದ್ದ. ಅವನು ದ್ವೀಪದಲ್ಲಿ ಮಾಡಬೇಕೆಂದಿದ್ದನ್ನು ಇವರು ಮೊದಲೇ ಮಾಡಿ, ಕಾಗದ ಪತ್ರ ಸಮೇತ ಅವನ ಕೈಗೆ ಕೊಟ್ಟಿದ್ದರು. ಅವಳನ್ನು ಉಳಿಸಲೆಂದು ಮಾಡಿದ ಸುಳ್ಳು ಸಾವು ಈಗ ಅವನನ್ನು ಕಾಯುತ್ತಿತ್ತು.

"ಈಗಲೇ ಠಾಣೆಗೆ ಹೋಗೋಣ," ಎಂದಳು ದ್ವೀಪದ ಮೇಡಂ. "ಎಲ್ಲಾ ಒಪ್ಕೋತೀನಿ. ಜೈಲಿಗೆ ಹಾಕಿದ್ರೆ ಹಾಕ್ಲಿ."

"ಹಾಕ್ತಾರೆ. ಕೊಲೆ ಕೇಸಲ್ಲಿ ಹಾಕ್ತಾರೆ." ಪತ್ತೇದಾರಮ್ಮ ತಿರುಗಲಿಲ್ಲ. "ಯಾರ ಹೆಸರಲ್ಲಿ ಆ ಕೋಣೆ? ಅಕ್ಕನ ಹೆಸರಲ್ಲಿ. ಗುರುತಿನ ಚೀಟಿ ಯಾರ ಕೈಲಿತ್ತು? ನಿಮ್ಮ ಕೈಲಿ. ಸತ್ತಳು ಅಂತ ಸುಳ್ಳು ಹುಟ್ಟಿಸಿದ್ದು? ನೀವಿಬ್ಬರು. ಅವಳನ್ನ ಕೊನೆಗೆ ನೋಡಿದ್ದು? ಅಕ್ಕ. ಅವನೇನಂತಾನೆ? ನನಗೇನೂ ಗೊತ್ತಿಲ್ಲ ಸ್ವಾಮೀ, ಯಾರೂ ಏನೂ ಹೇಳಲಿಲ್ಲ, ನಾನು ಅಳ್ತಾ ಕೂತಿದ್ದೆ, ಇಡೀ ಬೀದಿಯೇ ನೋಡಿದೆ ಅಂತಾನೆ. ಬೀದಿ ನೋಡಿದ್ದೂ ಹೌದು."

"ಹಾಗಾದ್ರೆ ಏನೂ ಮಾಡೋಕಾಗಲ್ವಾ?" ಟೈಲರಕ್ಕನ ದನಿ ಸಣ್ಣಗಾಗಿತ್ತು.

ಸುಳ್ಳು ಸಮಾಧಾನ ಹೇಳುವುದು ಪತ್ತೇದಾರಮ್ಮನಿಗೆ ಎಂದೂ ಬಂದಿರಲಿಲ್ಲ. ಇವತ್ತು ಬಂದಿದ್ದರೆ ಚೆನ್ನಾಗಿತ್ತು ಎನಿಸಿತು. ಒಂಬತ್ತು ದಿನ. ಒಂದು ಒಡೆದ ಬಳೆ. ಅವಳು ಬದುಕಿದ್ದಾಳೆಂದು ಹೇಳಲು ಒಂದೇ ಒಂದು ಕಾರಣ ಹುಡುಕಿದಳು, ಸಿಗಲಿಲ್ಲ.

ಆಗ ಯಾರೋ ಗಾಜಿನ ಬಾಗಿಲು ತಟ್ಟಿದರು.

ಇಸ್ತ್ರಿ ಮಾಡಿದ ಬಿಳಿ ಅಂಗಿ, ನುಣ್ಣಗೆ ಬೋಳಿಸಿದ ಕೆನ್ನೆ, ತನ್ನದೇ ಅಂಗಡಿಯ ತೆಳು ಚೌಕಟ್ಟಿನ ಕನ್ನಡಕ. ವಿರಾಮದ ಬೋರ್ಡನ್ನು ಓದಿ, ಒಳಗೆ ಜನ ಇರುವುದನ್ನು ನೋಡಿ, ಅವನು ಮೆಲ್ಲಗೆ ಬಾಗಿಲು ತಳ್ಳಿಕೊಂಡು ಬಂದ. ಪುಟ್ಟಿಯ ಗಂಡ.

"ಊಟದ ಹೊತ್ತಲ್ಲಿ ತೊಂದರೆ ಕೊಟ್ಟೆ, ಕ್ಷಮಿಸಿ ಮೇಡಂ. ಅತ್ತಿಗೆ, ನೀವೂ ಇಲ್ಲೇ ಇದ್ದೀರಾ? ಒಳ್ಳೇದೇ ಆಯ್ತು." ಪತ್ತೇದಾರಮ್ಮನ ಕಡೆ ತಿರುಗಿ ಕೈಮುಗಿದ. "ನಮಸ್ಕಾರ. ನಮ್ಮ ಪುಟ್ಟಿಗೋಸ್ಕರ ಓಡಾಡ್ತಿದ್ದೀರಂತೆ. ನಿಮ್ಮ ಋಣ ತೀರಿಸೋಕಾಗಲ್ಲ."

"ಪುಟ್ಟಿ ಹೋದ ಐದನೇ ರಾತ್ರಿ ಎಲ್ಲಿದ್ದಿ?" ಪತ್ತೇದಾರಮ್ಮ ಬಹುವಚನ ಕೊಡಲಿಲ್ಲ.

"ಮನೇಲಿ. ಒಬ್ಬನೇ. ಹೆಂಡತಿ ಸತ್ತವನು ಇನ್ನೆಲ್ಲಿರ್ತಾನೆ?"

"ಛಾಪಖಾನೆ ಮೇಲಿನ ಕೋಣೆ ಗೊತ್ತಾ?"

"ಯಾವ ಛಾಪಖಾನೆ?" ಅವನು ನಿಜವಾಗಿ ಯೋಚಿಸುವವನ ಹಾಗೆ ಹುಬ್ಬು ಗಂಟಿಕ್ಕಿದ. "ಅಮ್ಮಾ, ನನ್ನ ಹೆಂಡತಿ ಹವಳದ ದಿಬ್ಬದಲ್ಲಿ ಹೋದಳು. ಅದಕ್ಕೆ ಕಾಗದ ಇದೆ. ಅದು ಸುಳ್ಳು ಅನ್ನೋರು ಯಾರಾದ್ರೂ ಇದ್ರೆ ಅವರೇ ಠಾಣೆಗೆ ಹೋಗಿ ಹೇಳ್ಲಿ. ನಾನು ಬೇಡ ಅಂತೀನಾ?"

ಹೇಳಬೇಕಾದವರಿಬ್ಬರ ಮುಖವನ್ನೂ ಅವನು ಸಾವಧಾನವಾಗಿ ನೋಡಿದ. ಪತ್ತೇದಾರಮ್ಮನಿಗೆ ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಹಾಗೆ ಬಾರಿಸಿದ್ದರೂ ಅವನು ಕನ್ನಡಕ ಒರೆಸಿಕೊಂಡು ಮತ್ತೆ ಹಾಕಿಕೊಳ್ಳುತ್ತಿದ್ದ.

"ನಾನು ಬಂದಿದ್ದು ಬೇರೆ ಕೆಲಸಕ್ಕೆ. ಅವಳು ಹೋದ ಜಾಗ ನೋಡ್ಬೇಕು. ಅದೇ ಕಾಟೇಜು, ಅದೇ ದಂಡೆ. ಎರಡು ಸೀಟು ಹೊಂದಿಸಿಕೊಡಿ ಮೇಡಂ. ನನಗೊಂದು, ಅತ್ತಿಗೆಗೊಂದು."

"ಅವಳು ಬರಲ್ಲ," ಎಂದಳು ಪತ್ತೇದಾರಮ್ಮ.

ಅವನು ಸೋಫಾದ ಹತ್ತಿರ ಹೋಗಿ ಮಂಡಿಯೂರಿ ಕೂತ. ಸಾಂತ್ವನ ಹೇಳುವ ಮಗನ ಹಾಗೆ ಟೈಲರಕ್ಕನ ಕೈ ಹಿಡಿದು ಕಿವಿಯ ಹತ್ತಿರ ಬಾಗಿದ. ಏನು ಹೇಳಿದನೋ, ನಾಲ್ಕೈದು ಮಾತಷ್ಟೇ. ಟೈಲರಕ್ಕ ಉಸಿರೆಳೆದುಕೊಂಡಳು.

"ಏನಂದ?" ಪತ್ತೇದಾರಮ್ಮ ಎರಡೇ ಹೆಜ್ಜೆಗೆ ಬಂದು ಅವನ ಭುಜ ಹಿಡಿದು ಎಳೆದಳು. "ಏನಂದ ಹೇಳು!"

"ಅಲ್ಲಿಗೆ ಜೊತೇಲಿ ಬಂದ್ರೆ ಪುಟ್ಟಿ ಎಲ್ಲಿದ್ದಾಳೆ ಅಂತ ಹೇಳ್ತಾನಂತೆ. ಇಲ್ಲಿ ಹೇಳಲ್ವಂತೆ."

"ಪಾಪ, ಅತ್ತಿಗೆ," ಎನ್ನುತ್ತ ಅವನು ಎದ್ದು ಪ್ಯಾಂಟಿನ ಧೂಳು ಕೊಡವಿದ. "ದುಃಖದಲ್ಲಿ ಏನೇನೋ ಮಾತಾಡ್ತಾರೆ. ಸಮಾಧಾನ ಮಾಡ್ಕೊಳ್ಳಿ ಅಂದೆ ಅಷ್ಟೇ."

ಟೈಲರಕ್ಕ ಎದ್ದು ನಿಂತಳು. ಟೇಪನ್ನು ಸುರುಳಿ ಸುತ್ತಿ ಸೋಫಾದ ಮೇಲಿಟ್ಟಳು.

"ಬರೀರಿ ಮೇಡಂ. ಎರಡು ಸೀಟು."

"ನಿನಗೇನು ಹುಚ್ಚು ಹಿಡೀತಾ?" ಪತ್ತೇದಾರಮ್ಮ ಅವಳ ಎರಡೂ ತೋಳು ಹಿಡಿದು ಅಲ್ಲಾಡಿಸಿದಳು. "ಇವನು ಯಾರು ಅಂತ ಗೊತ್ತಿದ್ದೂ ಗೊತ್ತಿದ್ದೂ ಹೋಗ್ತೀಯಾ? ಅಲ್ಲಿ ಸೆಳೆತ ಎಷ್ಟು ಹೊತ್ತಿಗೆ ಅಂತ ಇವನು ಕೇಳಿ ಇಟ್ಕೊಂಡಿದ್ದಾನೆ ಕಣೇ!"

"ಗೊತ್ತು. ನನ್ನ ತಂಗಿ ಎಲ್ಲಿದ್ದಾಳೆ ಅಂತ ಈ ಭೂಮಿ ಮೇಲೆ ಗೊತ್ತಿರೋನು ಇವನೊಬ್ಬನೇ. ಬದುಕಿದ್ರೆ ಕರ್ಕೊಂಡು ಬರ್ತೀನಿ. ಇಲ್ಲಾಂದ್ರೆ ಎಲ್ಲಿ ಬಿದ್ದಿದ್ದಾಳೆ ಅಂತನಾದ್ರೂ ನನಗೆ ಗೊತ್ತಾಗ್ಬೇಕು." ಅವಳು ಪತ್ತೇದಾರಮ್ಮನ ಕಣ್ಣನ್ನು ನೇರವಾಗಿ ನೋಡಿದಳು. "ನೀವು ಹೇಳ್ತೀರಾ? ಎಲ್ಲಿದ್ದಾಳೆ ಹೇಳಿ, ಈಗಲೇ ಬಿಟ್ಟುಬಿಡ್ತೀನಿ."

ಪತ್ತೇದಾರಮ್ಮನ ಕೈ ಸಡಿಲವಾಯಿತು.

ದ್ವೀಪದ ಮೇಡಂ ಮೇಜಿನ ಹಿಂದೆ ಹೋಗಿ ಕೂತು ಪೆನ್ನು ತೆಗೆದಳು. ಕಣ್ಣೀರು ಹಾಳೆಯ ಮೇಲೆ ಬೀಳುತ್ತಿತ್ತು. ಹದಿನೆಂಟು ವರ್ಷದಿಂದ ಎಲ್ಲರನ್ನೂ ಕೇಳುವ ಪ್ರಶ್ನೆಯನ್ನು ಬೇರೇನೂ ತೋಚದೆ ಈಗಲೂ ಕೇಳಿದಳು.

"ವಾಪಸ್ ಯಾವತ್ತು?"

"ನನಗೆ ನಾಲ್ಕನೇ ದಿನಕ್ಕೆ ಹಾಕಿ, ಅಂಗಡಿ ತೆರೀಬೇಕು," ಎಂದ ಅವನು, ಕನ್ನಡಕವನ್ನು ಮೂಗಿನ ಮೇಲೆ ಸರಿಯಾಗಿ ಕೂರಿಸಿಕೊಳ್ಳುತ್ತ. "ಅತ್ತಿಗೆದು ಈಗಲೇ ಬರೀಬೇಡಿ."

ಅವನು ಜೇಬಿನಿಂದ ತೆಗೆದು ಚಾಚಿದ ಪೆನ್ನನ್ನು ಟೈಲರಕ್ಕ ತೆಗೆದುಕೊಳ್ಳಲಿಲ್ಲ. ಮೇಡಂನ ಪೆನ್ನನ್ನೇ ಕೇಳಿ ಪಡೆದು, ಫಾರಂಗೆ ಸಹಿ ಹಾಕಿದಳು.